ಅಪ್‌ಡೇಟ್: ಚಿಕೂನ್‌ಗುನ್ಯಾ ನಂತರ ಆಯಿಯ ಕೀಲುನೋವು

ಶಿರಸಿಯಲ್ಲಿರುವ ನಮ್ಮ ಆಯಿಗೆ ಚಿಕೂನ್‌ಗುನ್ಯಾ ಜ್ವರ ಬಿಟ್ಟು ತಿಂಗಳಾದರೂ ಕೀಲುನೋವು ಬಿಟ್ಟಿಲ್ಲ, ಏನು ಮಾಡುವುದು ಅಂತ ಕೇಳಿದ್ದೆ ಅಲ್ವಾ? ಈಗ ಮೂರು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಮೆಟ್ಟುಗತ್ತಿ ಹತ್ತಿರ ಕೂತು ಅವಳೇ ಸೌತೆಕಾಯಿ ಹೆಚ್ಚಿದಳು. ಆಗೆಲ್ಲ ಚೊಂಬು ಎತ್ತಲೂ ಎರಡು ಕೈ ಬೇಕಿತ್ತು.

ಈ ವೈರಸ್ಸಿಗೆ ಅಂತಲೇ ಔಷಧಿ ಇಲ್ಲ. ಜ್ವರ ಇದ್ದಾಗ ಪ್ಯಾರಾಸಿಟಮಾಲ್, ಜಾಸ್ತಿ ನೀರು, ವಿಶ್ರಾಂತಿ, ಅಷ್ಟೇ. ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವದ ಅಪಾಯ ಇರುತ್ತದೆ ಅಂದರು ಡಾಕ್ಟರು. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಮಾತ್ರೆ ಡಬ್ಬಿಯಲ್ಲೇ ಉಳಿಯಿತು, ಪುಣ್ಯ.

ಆಯಿಗೆ ಹಿಡಿಸಿದ್ದು ಫಿಸಿಯೋಥೆರಪಿ. ಬೆಳಿಗ್ಗೆ ಬೆರಳೆಲ್ಲ ಬಿಗಿದುಕೊಂಡಿರುತ್ತವೆ. ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ ಮುಷ್ಟಿ ಕಟ್ಟುವುದು, ಬಿಡುವುದು, ಹತ್ತು ಸಲ. ನೋವು ಅಂತ ಮೊದಲ ತಿಂಗಳು ಸುಮ್ನೆ ಮಲಗಿಸಿಯೇ ಇಟ್ಟಿದ್ದು ನಮ್ಮದೇ ತಪ್ಪು.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರಲ್ಲೂ ಈ ಜ್ವರ ಹರಡುವ ಸೊಳ್ಳೆ ಹುಟ್ಟುತ್ತದೆ, ಹಗಲಲ್ಲೇ ಕಚ್ಚುತ್ತದೆ. ಹಾಗಾಗಿ ಹಾಳೆ ಹೆಕ್ಕುವ ಕೆಲಸ ಈಗ ಅಪ್ಪನದು. ಗೊಣಗುತ್ತಲೇ ಮಾಡುತ್ತಾನೆ.