‘ಸ್ಥಳೀಯ ಸಸಿ’ ಎಂದರೆ ಎಲ್ಲಿಯ ಸಸಿ?

ಪಾರ್ಕು, ರಸ್ತೆಬದಿ, ಅಪಾರ್ಟ್‌ಮೆಂಟ್ ಆವರಣಗಳಲ್ಲಿ ಇಂತಿಷ್ಟು ಪಾಲು ಗಿಡಮರ ಈ ನೆಲದವೇ ಇರಬೇಕು ಎಂಬ ಷರತ್ತನ್ನು ಬೆಂಗಳೂರಿಗಾಗಿ ಕನ್ನಡದಲ್ಲಿ ಬರೆಯುವಾಗ ಯಾವ ಪದ ಸರಿ? ಈಗ ಬಳಕೆಯಲ್ಲಿರುವ ಮೂರರಲ್ಲೂ ತೊಡಕಿದೆ.

‘ಸ್ಥಳೀಯ ಸಸಿ’ ಎಂದರೆ ಹತ್ತಿರದ ನರ್ಸರಿಯಲ್ಲಿ ಕೊಂಡದ್ದು ಎಂದು ಗುತ್ತಿಗೆದಾರ ವಾದಿಸಬಹುದು. ಆಗ ಮಧ್ಯ ಅಮೆರಿಕದ ತಬೆಬುಯಾ ಕೂಡ ಸ್ಥಳೀಯವೇ. ‘ನಾಟಿ ಗಿಡ’ಕ್ಕೆ ನೆಟ್ಟ ಗಿಡ ಎಂಬ ಅರ್ಥವೂ ಉಂಟು. ‘ದೇಶಿ ತಳಿ’ಯಲ್ಲಂತೂ ಎರಡು ತಪ್ಪು. ಮಾವು ಪ್ರಭೇದ, ಬಾದಾಮಿ ಅದರ ತಳಿ. ಇಲ್ಲಿ ಬೇಕಿರುವುದು ಪ್ರಭೇದ. ಇನ್ನು ದೇಶಿ ಎಂದರೆ ಇಡೀ ದೇಶವಾಯಿತು. ಪಶ್ಚಿಮಘಟ್ಟದ ಧೂಪದ ಮರವೂ ದೇಶಿಯೇ, ಆದರೆ ಅದು ಮಳೆಕಾಡಿನದು. ಬೆಂಗಳೂರಿನ ಬೇಸಿಗೆಯಲ್ಲಿ ಟ್ಯಾಂಕರ್ ನೀರು ನಿಂತರೆ ಸಸಿ ಉಳಿಯುವುದು ಕಷ್ಟ.

ಆದ್ದರಿಂದ ಪದದ ಜೊತೆಗೆ ಎಲ್ಲೆಯನ್ನೂ ಬರೆಯಲೇಬೇಕು ಎನ್ನುವುದು ನನ್ನ ನಿಲುವು: ‘ಬನ್ನೇರುಘಟ್ಟ, ಸಾವನದುರ್ಗದ ಎಲೆಯುದುರುವ ಕಾಡುಗಳಲ್ಲಿ ತಾನಾಗಿ ಬೆಳೆಯುವ ಪ್ರಭೇದಗಳು’. ಹೀಗೆಂದರೆ ಮುತ್ತುಗ, ಕಕ್ಕೆ, ಜಾಲಾರಿ, ಹೊಂಗೆ ಒಳಗೆ ಬರುತ್ತವೆ. ಪೊದೆಗಳಲ್ಲಿ ತಂಗಡಿ, ಲಕ್ಕಿ, ಬಂದರೆ ಗಿಡ. ಇವಕ್ಕೆ ಬೇರೂರಿದ ಮೇಲೆ ಹೆಚ್ಚು ನೀರು ಬೇಡ.

ಗಿಡದ ಹೆಸರನ್ನೇ ನಂಬಿದರೂ ಕೆಡುತ್ತದೆ. ಬಳ್ಳಾರಿ ಜಾಲಿ ಅಮೆರಿಕದ್ದು. ‘ಸೀಮೆಹುಣಸೆ’ ತಾನು ಹೊರಗಿನದೆಂದು ಹೇಳಿಕೊಳ್ಳುತ್ತದೆ, ಆದರೆ ಬರಿಯ ಹುಣಸೆಯ ಮೂಲವೂ ಆಫ್ರಿಕಾ. ಹೆಚ್ಚು ಎಡವಟ್ಟಾಗುವುದು ಅಶೋಕದಲ್ಲಿ. ಪಟ್ಟಿಯಲ್ಲಿ ‘ಅಶೋಕ’ ಎಂದಷ್ಟೇ ಇದ್ದರೆ ನರ್ಸರಿಯಿಂದ ಬರುವುದು ಕಂಬದಂತೆ ನೆಟ್ಟಗೆ ಬೆಳೆಯುವ ಪಾಲಿಯಾಲ್ತಿಯಾ. ಕಿತ್ತಳೆಗೆಂಪು ಗೊಂಚಲಿನ ಸೀತಾಶೋಕ ಬೇಕಿದ್ದರೆ ‘ಸರಾಕಾ ಅಶೋಕ’ ಎಂದೇ ನಮೂದಿಸಬೇಕು. ಪ್ರತಿ ಸಾಲಿನಲ್ಲೂ ಸಸ್ಯಶಾಸ್ತ್ರೀಯ ಹೆಸರು, ಅದರ ಮುಂದೆ ಎತ್ತರ. ಒಂದಡಿಯದೂ ಸಸಿಯೇ, ಆರಡಿಯದೂ ಸಸಿಯೇ, ಆದರೆ ರಸ್ತೆಬದಿಯಲ್ಲಿ ಒಂದಡಿಯದು ಮೇಕೆಯ ಪಾಲು.

‘ಶೇ. 50’ ಎನ್ನುವಾಗಲೂ ಎಣಿಕೆ ಯಾವುದರದೆಂದು ಹೇಳಿ. ಒಟ್ಟು ಗಿಡಗಳ ಲೆಕ್ಕವಾದರೆ ನೂರು ತಂಗಡಿ ನೆಟ್ಟು, ನೂರು ಮರಗಳನ್ನೂ ಹೊರಗಿನವನ್ನೇ ಹಾಕಿದರೂ ಷರತ್ತು ಪೂರೈಸಿದಂತೆ. ಮರ, ಪೊದೆ, ನೆಲಹೊದಿಕೆಗಳಿಗೆ ಬೇರೆ ಬೇರೆ ಪಾಲು ಇರಲಿ.

ಅರಣ್ಯದ ಕೆಲಸದವರ ಬಾಯಲ್ಲಿ ‘ಕಾಡುಜಾತಿ’ ಎಂಬ ಮಾತು ಚಲಾವಣೆಯಲ್ಲಿದೆ. ಅದು ಪೊದೆ, ಬಳ್ಳಿ, ಹುಲ್ಲಿಗೂ ಸಲ್ಲುತ್ತದೆಯೇ, ಮರಕ್ಕೆ ಮಾತ್ರವೇ? ತುಮಕೂರು, ಕೋಲಾರದ ಕಡೆ ಬೇರೆ ಪದವಿದ್ದರೆ ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ತಿಳಿಸಿ.