ಅಪ್‌ಡೇಟ್: ಖಾನಾಪುರದ ಮನಿ, ಒಲಿ ಕೊಳವಿಯಿಂದ ಡಾಂಬರು ಸೋರೋದು

ಕಟ್ಟಿಗಿ ಒಲಿಯ ಕೊಳವಿ ಕೂಡುವಲ್ಲಿ ಕರಿ ಡಾಂಬರು ಸೋರತದ, ಹೊಗಿ ಒಳಗ ತಿರುಗತದ, ಯಾಕ ಅಂತ ಹಿಂದ ಕೇಳಿದ್ದೆ. ಒಲಿ ಪೂರ್ತಿ ತಣ್ಣಗಾದ ಮ್ಯಾಲ 4 ಇಂಚಿನ ಕೊಳವಿ ಬಿಚ್ಚಿದಾಗ ಕೆಳಗ ಬರೇ ಒಣ ಕಾಡಿಗಿ. ಗ್ವಾಡಿ ಹೊರಗಿನ ತಂಪು ಭಾಗದಾಗ 6 ಮಿ.ಮೀ. ದಪ್ಪ, ಗಾಜಿನಂಗ ಹೊಳಿಯೋ ಕ್ರಿಯೋಸೋಟ್ (ಕಟ್ಟಿಗಿ ಹೊಗಿ ತಣ್ಣಗಾಗಿ ಕಟ್ಟೋ ಡಾಂಬರಿನಂಥ ಪದರ). ತಂತಿ ಬ್ರಷ್‌ಗೆ ಕಾಡಿಗಿ ಉದುರಿತು, ಹೊಳಪಿನ ಪದರ ಜಗ್ಗಲಿಲ್ಲ. ಆ ತುಂಡೇ ಬದಲಾತು. ಸುಟ್ಟು ತೆಗಿಯಾಕ ಮಾತ್ರ ಹೋಗಬ್ಯಾಡ್ರಿ, ಒಳಗ ಬೆಂಕಿ ಹತ್ತಿದರ ಶಾಖ 1000 ಡಿಗ್ರಿ ಮುಟ್ಟತದ.

ಸೋರಿದ್ದು ಜೋಡಣಿ ಉಲ್ಟಾ ಇದ್ದದ್ದಕ್ಕ: ಮ್ಯಾಲಿನ ಕೊಳವಿ ಕೆಳಗಿನದರ ಒಳಗ ಕೂಡಬೇಕು. ಮೂಲ ತಪ್ಪು ಹಸಿ ಕಟ್ಟಿಗಿ, ಮತ್ತ ರಾತ್ರಿ ಗಾಳಿ ಕಿಂಡಿ ಮುಚ್ಚಿ ಹೊಗಿಯಾಡಸೋದು. ಈಗ ಸೀಳಿ 6 ತಿಂಗಳು ಒಣಗಿಸಿದ್ದೇ ಒಲಿಗೆ, 3 ಮಿ.ಮೀ. ಕಟ್ಟಿದ ಕೂಡಲೇ ಬ್ರಷ್.