ಪದ ಬೇಕು: ಜರ್ಮನ್ನರ 'ಬಿಲ್ಡುಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶಿಕ್ಷಕರ ಕಾರ್ಯಾಗಾರಕ್ಕಾಗಿ ಕೆಲವು ಪೋಸ್ಟರ್‌ಗಳನ್ನು ಅನುವಾದ ಮಾಡುತ್ತಿದ್ದೇನೆ. ಶಿಕ್ಷಣ ಅಂದರೆ ಏನು ಎಂದು ಬೇರೆ ಬೇರೆ ನಾಡಿನವರು ಹೇಗೆ ಯೋಚಿಸಿದರು ಅನ್ನುವುದನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪೋಸ್ಟರ್‌ಗಳು. ಸೋಮವಾರ ಅಚ್ಚಿಗೆ ಹೋಗಬೇಕು.

ಜರ್ಮನ್ ಪೋಸ್ಟರಿನಲ್ಲಿ ಎರಡು ಪದಗಳಿವೆ. 'ಎರ್‌ತ್ಸೀಯುಂಗ್' ಅಂದರೆ ದೊಡ್ಡವರು ಮಗುವನ್ನು ಬೆಳೆಸುವುದು. 'ಬಿಲ್ಡುಂಗ್' ಅಂದರೆ ಮನುಷ್ಯ ತನ್ನನ್ನು ತಾನೇ ರೂಪಿಸಿಕೊಳ್ಳುವುದು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾಗಲು ಕಾರಣನಾದ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಒತ್ತು ಕೊಟ್ಟಿದ್ದು ಈ ಎರಡನೆಯದಕ್ಕೆ. ಮೊದಲು ಮನುಷ್ಯ ಮನುಷ್ಯನಾಗಿ ಬೆಳೆಯಲಿ, ಕಸುಬಿನ ತರಬೇತಿ ಆಮೇಲೆ ಅನ್ನುವುದು ಅವನ ನಿಲುವು. ಎರಡಕ್ಕೂ 'ಶಿಕ್ಷಣ' ಎಂದು ಬರೆದರೆ ಪೋಸ್ಟರಿಗೆ ಅರ್ಥವೇ ಉಳಿಯುವುದಿಲ್ಲ. ದಪ್ಪ ಅಕ್ಷರದಲ್ಲಿ ಬರುವ ಒಂದೇ ಪದ ಬೇಕು.

ಉತ್ತರ 1

'ಸಂಸ್ಕಾರ' ಇದೆಯಲ್ಲ ಮೇಡಂ. ಎಲ್ಲರಿಗೂ ಗೊತ್ತಿರುವ ಪದ.

ಉತ್ತರ 2

ಬೇಡವೇ ಬೇಡ. "ಅಪ್ಪ ಅಮ್ಮ ಒಳ್ಳೆಯ ಸಂಸ್ಕಾರ ಕೊಟ್ಟಿದ್ದಾರೆ" ಅನ್ನುತ್ತೇವೆ. ಅಂದರೆ ಅದು ಇನ್ನೊಬ್ಬರು ಕೊಡುವುದು. ಅವರು ಕೇಳಿದ್ದು ಅದರ ಎದುರಿನದನ್ನು. ಜಾತಕರ್ಮದಿಂದ ಅಂತ್ಯಸಂಸ್ಕಾರದವರೆಗಿನ ಹೊರೆ ಬೇರೆ ಆ ಪದದ ಮೇಲಿದೆ.

'ಬಿಲ್ಡ್' ಅಂದರೆ ಬಿಂಬ, ಚಿತ್ರ. ದೇವರ ಬಿಂಬ ಆತ್ಮದಲ್ಲಿ ಮೂಡಬೇಕು ಎಂದ ನಡುಗಾಲದ ಜರ್ಮನ್ ಅನುಭಾವಿ ಮೈಸ್ಟರ್ ಎಕ್‌ಹಾರ್ಟ್ ಕಾಲದಿಂದ ಈ ಪದಕ್ಕೆ ಆ ಬಣ್ಣ ಇದೆ. ರಷ್ಯನ್ನರ 'ಒಬ್ರಜೊವಾನಿಯೆ' ಕೂಡ 'ಒಬ್ರಜ್', ಅಂದರೆ ಬಿಂಬ ಅನ್ನುವುದರಿಂದಲೇ ಬಂದದ್ದು. ಹಾಗಾಗಿ ಬಿಂಬದ ಅರ್ಥ ಬಿಟ್ಟ ಯಾವ ಪದವೂ ಸರಿಯಲ್ಲ. 'ಮೂಡಿಕೆ' ಅನ್ನಿ. ಸಂಸ್ಕೃತದ ಹಂಗಿಲ್ಲ.

ಉತ್ತರ 3

ಪೋಸ್ಟರ್ ಓದುವವರು ಹೈಸ್ಕೂಲ್ ಮೇಷ್ಟ್ರುಗಳು. 'ಮೂಡಿಕೆ' ಅಂದರೆ ಅವರಿಗೆ ಏನು ತಿಳಿಯಬೇಕು? ಸೂರ್ಯ ಮೂಡುವುದೋ, ಮೊಡವೆ ಮೂಡುವುದೋ? ಮೂಡುವುದು ತಾನಾಗಿಯೇ ಆಗುತ್ತದೆ. ಬಿಲ್ಡುಂಗ್‌ನಲ್ಲಿ ಮನುಷ್ಯನ ದುಡಿಮೆ ಇದೆ.

ಕವಿರಾಜಮಾರ್ಗವನ್ನೇ ನೋಡಿ. "ಕುರಿತೋದದೆಯುಂ", ಅಂದರೆ ಗುರಿಯಿಟ್ಟು ಓದದೆಯೂ, ಪರಿಣತಮತಿಗಳಾದವರು ಕನ್ನಡಿಗರು ಎಂದು ಒಂಬತ್ತನೆಯ ಶತಮಾನದಲ್ಲೇ ಹೇಳಿದ್ದಾರೆ. ಓದು ಬೇರೆ, ಪರಿಣತಿ ಬೇರೆ. 'ಪರಿಣತಿ' ಹಾಕಿ.

ಉತ್ತರ 2 ಬರೆದವರು ಮತ್ತೆ

ಈಗ ಪರಿಣತಿ ಅಂದರೆ ಕೆಲಸದಲ್ಲಿ ನುರಿತಿರುವುದು. "ಕಂಪ್ಯೂಟರ್ ಪರಿಣತಿ ಇರುವವರು ಅರ್ಜಿ ಹಾಕಿ." ಮುಗಿಯಿತು. ಹೋದಲ್ಲೆಲ್ಲ ಸಂಸ್ಕೃತವನ್ನೇ ಎಳೆದು ತರಬೇಡಿ.

ಉತ್ತರ 4

ಮೇಷ್ಟ್ರೇ, ಎರವಲಿನ ಮೇಲೆ ಯಾಕೆ ಇಷ್ಟು ಸಿಟ್ಟು? ಮೂಲ ಓಲೆಯಲ್ಲೇ 'ತರಬೇತಿ' ಇದೆ. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಅದು ಅರಬ್ಬಿಯ 'ತರ್ಬಿಯತ್'. ಅಲ್ಲಿ ಅದರ ಅರ್ಥ ಬೆಳೆಸುವುದು, ಪೋಷಿಸುವುದು. ನಮ್ಮಲ್ಲಿಗೆ ಬಂದು ಹೊಲಿಗೆ ತರಬೇತಿ, ಪೊಲೀಸ್ ತರಬೇತಿ ಆಯಿತು. ಇನ್ನೊಂದು 'ತಅಲೀಮ್'. ಅಲ್ಲಿ ಅದು ತಿಳಿವು ಕೊಡುವುದು. ನಮ್ಮಲ್ಲಿ ಗರಡಿಮನೆಯ ತಾಲೀಮು, ನಾಟಕದ ತಾಲೀಮು. ಎರಡೂ ಅಚ್ಚಗನ್ನಡದಷ್ಟೇ ನಮ್ಮವಾಗಿವೆ. ಆದರೆ ಅರ್ಥ ಮಾತ್ರ ದಾರಿ ಬದಲಿಸಿದೆ. ಇಲ್ಲಿ ನೋಡಬೇಕಾದ್ದು ಅದನ್ನು. ಪದ ಎಲ್ಲಿಂದ ಬಂತು ಅನ್ನುವುದು ಅನುವಾದಕ್ಕೆ ಆಧಾರವಲ್ಲ. ಇವತ್ತು ಓದುವವರ ಕಿವಿಯಲ್ಲಿ ಅದು ಏನಾಗಿದೆ ಅನ್ನುವುದೇ ಆಧಾರ. 'ಶಿಕ್ಷಾ' ಅಂದರೆ ಮೂಲದಲ್ಲಿ 'ಶಕ್ತನಾಗುವ ಆಸೆ'. ಎಷ್ಟು ಚೆಂದದ ಅರ್ಥ! ಆದರೂ ನಮ್ಮ ಕ್ಲಾಸಿನಲ್ಲಿ 'ಶಿಕ್ಷೆ' ಅಂದರೆ ಮಕ್ಕಳು ಬೆಂಚಿನ ಮೇಲೆ ನಿಲ್ಲುತ್ತಾರೆ.

ಮೇಡಂ, ನಾಮಪದ ಹುಡುಕುವುದನ್ನು ಬಿಡಿ. ಕನ್ನಡದಲ್ಲಿ ಈ ವ್ಯತ್ಯಾಸ ಇರುವುದು ಕ್ರಿಯಾಪದದಲ್ಲಿ. ತಿದ್ದುವುದು, ತಿದ್ದಿಕೊಳ್ಳುವುದು. ಬೆಳೆಸುವುದು, ರೂಪಿಸಿಕೊಳ್ಳುವುದು. ಆ 'ಕೊಳ್ಳು' ಒಂದೇ ಸಾಕು, ಹುಂಬೋಲ್ಟ್ ಹೇಳಿದ್ದರ ಅರ್ಧ ಅದರಲ್ಲೇ ಬಂತು. ನನಗೆ 'ತಿದ್ದಿಕೊಳ್ಳುವುದು' ಜಾಸ್ತಿ ಇಷ್ಟ. ಮಕ್ಕಳು ಅಕ್ಷರ ತಿದ್ದುವಾಗ ಕಣ್ಣೆದುರು ಒಂದು ಮಾದರಿ ಇರುತ್ತದೆ, ಕೈಯ ದುಡಿಮೆಯೂ ಇರುತ್ತದೆ. ಬಿಂಬ ಬೇಕು ಅಂದವರಿಗೆ ಬಿಂಬವೂ ಸಿಕ್ಕಿತು, ಅಲ್ವಾ?

ಉತ್ತರ 3 ಬರೆದವರು ಮತ್ತೆ

'ತಿದ್ದಿಕೊಂಡ' ಅಂದರೆ ತಪ್ಪು ಮಾಡಿ ಸರಿಹೋದ ಎಂದೇ ಅರ್ಥ. ಕುಡಿತ ಬಿಟ್ಟವರಿಗೆ ಆ ಮಾತು ಹೇಳುತ್ತೇವೆ. ಒಪ್ಪುವುದಿಲ್ಲ.

ಉತ್ತರ 2 ಬರೆದವರು ಮತ್ತೆ

'ರೂಪ' ಸಂಸ್ಕೃತ. 'ಕೊಳ್ಳು' ಮಾತ್ರ ನಮ್ಮದು. ಅರ್ಧ ಗೆದ್ದಂತಾಯಿತು, ಅಷ್ಟೇ.

ಮೂಲ ಓಲೆಯವರು

ಎಲ್ಲರಿಗೂ ಧನ್ಯವಾದ. ತಲೆಬರಹಕ್ಕೆ 'ಬೆಳೆಸುವುದು' ಮತ್ತು 'ರೂಪಿಸಿಕೊಳ್ಳುವುದು' ತೆಗೆದುಕೊಂಡೆ. ಜರ್ಮನ್ ಪದಗಳು ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತವೆ.

ಅರಬ್ಬಿ ಪೋಸ್ಟರಿನಲ್ಲಿ 'ತರ್ಬಿಯತ್'ಗೆ 'ಪೋಷಣೆ' ಎಂದೂ 'ತಅಲೀಮ್'ಗೆ 'ಅರಿವು ಕೊಡುವುದು' ಎಂದೂ ಹಾಕುತ್ತೇನೆ. ತರಬೇತಿ, ತಾಲೀಮು ಅಂತ ಬರೆದರೆ ಓದುವವರು ದಾರಿ ತಪ್ಪುತ್ತಾರೆ ಅನ್ನುವ ಮಾತು ಸರಿ. ಉಳಿದಿರುವುದು 'ತಅದೀಬ್'. ಮುಸ್ಲಿಂ ಶಿಕ್ಷಣದ ಬಗ್ಗೆ 1977ರಲ್ಲಿ ಮೆಕ್ಕಾದಲ್ಲಿ ನಡೆದ ಸಮ್ಮೇಳನದಲ್ಲಿ ಮಲೇಷ್ಯಾದ ಚಿಂತಕ ಸಯ್ಯದ್ ನಕೀಬ್ ಅಲ್-ಅತ್ತಾಸ್, ಶಿಕ್ಷಣಕ್ಕೆ ಸರಿಯಾದ ಪದ ತರ್ಬಿಯತ್ ಅಲ್ಲ, ತಅದೀಬೇ ಎಂದು ವಾದಿಸಿದ್ದರು. 'ಅದಬ್' ಕಲಿಸುವುದು ಅಂತ ಅದರ ಅರ್ಥ. ಬರೀ ಮರ್ಯಾದೆ ಅಲ್ಲ. ಯಾವುದಕ್ಕೆ ಯಾವ ಜಾಗ ಕೊಡಬೇಕು ಅನ್ನುವ ತಿಳಿವೂ ಅದರಲ್ಲಿದೆ. 'ಶಿಸ್ತು' ಬೇಡ, ಅದು ಡ್ರಿಲ್ ಮಾಸ್ತರರ ಪದವಾಗಿಬಿಟ್ಟಿದೆ. ಇದಕ್ಕೊಂದು ಪದವನ್ನು ಭಾನುವಾರ ರಾತ್ರಿಯೊಳಗೆ ತಿಳಿಸಿದರೆ ಉಪಕಾರ.